ಬಸ್ಸಿಗೆ ಹೊರಗಿನ ಕರೆಂಟ್ ಕೊಡುವ ಮುಂಚೆ ಮೀಟರ್ ಇಟ್ಟು ನೋಡಿ

ಹಳೇ ಬಸ್ಸನ್ನೇ ಮನೆ ಮಾಡಿಕೊಂಡು ಸಕಲೇಶಪುರ, ಮೂಡಿಗೆರೆ ಕಡೆ ಬಂದರೆ ರಾತ್ರಿ ನಿಲ್ಲಿಸುವುದು ಯಾರದಾದರೂ ಕಾಫಿ ಕಣದಲ್ಲೇ. ಕರೆಂಟ್ ಕೇಳಿದರೆ ತೋಟದ ರೈಟರ್ ಪಂಪ್ ಹೌಸ್ ಕಡೆ ಕೈ ತೋರಿಸುತ್ತಾರೆ. ನನಗೂ ಹಾಗೇ ಆಯಿತು. ಸಿಕ್ಕಿಸುವ ಮುಂಚೆ ಸುಮ್ನೆ ವೋಲ್ಟ್ ಅಳೆಯುವ ಮೀಟರ್ (ಮಲ್ಟಿಮೀಟರ್) ಇಟ್ಟೆ, 230ರ ಬದಲು 408 ವೋಲ್ಟ್ ತೋರಿಸಿತು! ಫ್ರಿಜ್ಜು, ಚಾರ್ಜರ್ ಎಲ್ಲ ಉಳಿದದ್ದು ಆ ಮೀಟರಿಂದ.

ಪಂಪ್‌ಸೆಟ್ ಓಡುವುದು ತ್ರೀ ಫೇಸ್‌ನಲ್ಲಿ, ಅಂದರೆ ಕರೆಂಟ್ ತರುವ ಮೂರು ವೈರ್‌ಗಳಲ್ಲಿ. ಒಂದು ಫೇಸ್‌ಗೂ ನ್ಯೂಟ್ರಲ್‌ಗೂ (ಕರೆಂಟ್ ಮರಳುವ ವೈರ್) ನಡುವೆ 230 ವೋಲ್ಟ್, ಎರಡು ಫೇಸ್‌ಗಳ ನಡುವೆ 400ರ ಆಸುಪಾಸು. ಮೋಟಾರಿಗೆ ನ್ಯೂಟ್ರಲ್ ಬೇಕಿಲ್ಲ, ಹಾಗಾಗಿ ಎಷ್ಟೋ ಸ್ಟಾರ್ಟರ್ ಬೋರ್ಡಿನಲ್ಲಿ ಅದು ಇರುವುದೇ ಇಲ್ಲ. ಆಗ ಯಾರಾದರೂ "ಒಂದು ಫೇಸ್ ತಗೊಳ್ಳಿ ಸಾರ್, ಇನ್ನೊಂದು ವೈರ್ ಅರ್ತ್ ಪೈಪಿಗೆ ಸುತ್ತಿಬಿಡಿ" ಅನ್ನುತ್ತಾರೆ. ಬಲ್ಬ್ ಉರಿಯುತ್ತದೆ, ಮೀಟರ್ ಕೂಡ 230 ತೋರಿಸಬಹುದು. ಆದರೂ ಒಪ್ಪಬೇಡಿ. ಲೋಡ್ ಹಾಕಿದ ಕೂಡಲೇ ಆ ಪೈಪಿಗೇ ಕರೆಂಟ್ ಏರುತ್ತದೆ, ಅದೇ ಅರ್ತಿಗೆ ಬಸ್ಸಿನ ಬಾಡಿಯೂ ಸೇರಿದ್ದರೆ ಬಾಡಿಗೂ ಬರುತ್ತದೆ. ಬಸ್ ನಿಂತಿರುವುದು ರಬ್ಬರ್ ಟೈರ್ ಮೇಲೆ, ನೀವು ನಿಂತಿರುವುದು ಮಳೆಯಲ್ಲಿ ನೆಂದ ನೆಲದ ಮೇಲೆ. ಬಾಗಿಲ ಹಿಡಿ ಮುಟ್ಟಿದವರ ಮೈಯೇ ವೈರ್ ಆಗುತ್ತದೆ, ಅಲ್ವಾ?

ಅದಕ್ಕೇ ಸಾಕೆಟ್‌ನಲ್ಲಿ ಮೂರು ಕಡೆ ಅಳೆಯಿರಿ. ಫೇಸ್–ನ್ಯೂಟ್ರಲ್ 230ರ ಹತ್ತಿರ ಇರಬೇಕು. ಫೇಸ್–ಅರ್ತ್ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್–ಅರ್ತ್ ಸೊನ್ನೆ ಅಥವಾ ಒಂದೆರಡು ವೋಲ್ಟ್. ಇಲ್ಲಿಗೆ ನಿಲ್ಲಿಸಬೇಡಿ, ಮನೆಯವರ ಇಸ್ತ್ರಿಪೆಟ್ಟಿಗೆಯನ್ನು ಅದೇ ಬೋರ್ಡಿಗೆ ಹಾಕಿಸಿ ಮತ್ತೆ ಅಳೆಯಿರಿ. 230 ಇದ್ದದ್ದು 190ಕ್ಕೆ ಕುಸಿದರೆ ಎಲ್ಲೋ ಜಾಯಿಂಟ್ ಸಡಿಲ ಇದೆ, ಇಲ್ಲಾ ವೈರ್ ಸಣ್ಣದು. ಬೋರ್ಡಿನೊಳಗೆ ಕೈ ಹಾಕುವ ಕೆಲಸ ಮಾತ್ರ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಸುತ್ತಲಿನ ಪಂಪುಗಳೆಲ್ಲ ಒಟ್ಟಿಗೆ ಓಡುತ್ತವೆ, ಆಗ ವೋಲ್ಟೇಜ್ ಇಳಿಯುವುದು ಸಹಜ. 200ಕ್ಕಿಂತ ಕೆಳಗಿದ್ದರೆ ನಾನು ಫ್ರಿಜ್ ಹಾಕುವುದಿಲ್ಲ. ವೋಲ್ಟೇಜ್ ಹೆಚ್ಚುಕಡಿಮೆ ಆದರೆ ತಾನೇ ಕಟ್ ಮಾಡುವ ಪ್ರೊಟೆಕ್ಟರ್ ಒಂದನ್ನು ಕೇಬಲ್ ಬಸ್ಸಿನೊಳಗೆ ಬರುವ ಜಾಗದಲ್ಲೇ ಹಾಕಿಸಿ, ಜೊತೆಗೆ ಲೋಡ್ ಮೀರಿದರೆ ಬೀಳುವ 16 ಆಂಪ್ ಎಂಸಿಬಿ, ಕರೆಂಟ್ ನೆಲಕ್ಕೆ ಸೋರಿದರೆ ಕಟ್ ಮಾಡುವ 30 ಮಿಲಿಆಂಪ್ ಆರ್‌ಸಿಸಿಬಿ. 16 ಆಂಪ್ ಅಂದರೆ ಸುಮಾರು 3,680 ವಾಟ್, ಗೀಸರ್ ಮತ್ತು ಇಂಡಕ್ಷನ್ ಒಟ್ಟಿಗೆ ನಡೆಯುವುದಿಲ್ಲ.

ಕೇಬಲ್‌ನಲ್ಲಿ ಜಿಪುಣತನ ಬೇಡ. 1 ಚದರ ಮಿಲಿಮೀಟರ್ ತಾಮ್ರದ ವೈರ್ 30 ಮೀಟರ್ ಎಳೆದು 10 ಆಂಪ್ ಲೋಡ್ ಹಾಕಿದರೆ ವೈರಿನಲ್ಲೇ 11 ವೋಲ್ಟ್ ಹೋಗುತ್ತದೆ, 2.5ರದ್ದಾದರೆ ನಾಲ್ಕೂವರೆ. ಸುರುಳಿ ಪೂರ್ತಿ ಬಿಚ್ಚಿ, ಸುತ್ತಿದ ಹಾಗೇ ಬಿಟ್ಟರೆ ಕಾಯುತ್ತದೆ.

ಅಮೆರಿಕದ ವಿಡಿಯೊ ನೋಡಿ ವೈರಿಂಗ್ ಮಾಡುವವರು ಜಾಸ್ತಿ. ಅಲ್ಲಿ ಗಾಡಿಗೆ ಹೊರಗಿನ ಕರೆಂಟ್ ಕೊಡುವ 50 ಆಂಪ್ ಹುಕಪ್‌ನಲ್ಲಿ 120 ವೋಲ್ಟಿನ ಎರಡು ಲೈನ್, ನಡುವೆ ನ್ಯೂಟ್ರಲ್. ನಮ್ಮಲ್ಲಿ ಒಂದೇ ಫೇಸ್‌ಗೆ 230. ಆ ನಕ್ಷೆ ಇಲ್ಲಿಗೆ ಹೊಂದುವುದಿಲ್ಲ, 120 ವೋಲ್ಟ್ ಅಂತ ಮಾತ್ರ ಬರೆದಿರುವ ಸಾಮಾನು ಇಲ್ಲಿ ಸುಟ್ಟೇ ಹೋಗುತ್ತದೆ. ಇನ್ವರ್ಟರ್ ಕೊಳ್ಳುವಾಗಲೂ ಬಸ್ಸಿನ ಬ್ಯಾಟರಿ ನೋಡಿಕೊಳ್ಳಿ, ದೊಡ್ಡ ಬಸ್ಸುಗಳಲ್ಲಿ ಸಾಮಾನ್ಯವಾಗಿ ಎರಡು 12 ವೋಲ್ಟ್ ಬ್ಯಾಟರಿ ಸೇರಿಸಿ 24 ಮಾಡಿರುತ್ತಾರೆ.