ಗ್ರಾಮಸಭೆಗೆ ಮೊದಲು ಊರಿನ ನಕ್ಷೆ ಹೀಗೆ ಮಾಡಿ

ಮುರಿದ ಮೋರಿ, ಕಟ್ಟಿಕೊಂಡ ತೋಡು, ಕುಸಿಯುವ ಬರೆ (ಗುಡ್ಡದ ಇಳಿಜಾರು) ಇವನ್ನೆಲ್ಲ ಬಾಯಲ್ಲಿ ಹೇಳಿದರೆ ನಡಾವಳಿಯಲ್ಲಿ ‘ರಸ್ತೆ ಸಮಸ್ಯೆ’ ಅಂತ ಒಂದು ಸಾಲಾಗುತ್ತದೆ, ಅಷ್ಟೆ. ನಮ್ಮದೇ ನಕ್ಷೆ ಮಾಡಿಕೊಳ್ಳಲು ಬರುವ ಗೂಗಲ್ ಮೈ ಮ್ಯಾಪ್ಸ್‌ನಲ್ಲಿ ಗುರುತಿಸಿ ಕೊಡಿ. ಒಂದು ನಕ್ಷೆಗೆ 10 ಪದರ (ಲೇಯರ್) ಸಿಗುತ್ತದೆ. ನೀರು, ರಸ್ತೆ, ಬರೆ ಅಂತ 3 ಸಾಕು.

ತಿದ್ದುವ ಲಿಂಕನ್ನು ವಾಟ್ಸಾಪ್ ಗ್ರೂಪಿಗೆ ಹಾಕಲೇಬೇಡಿ, ಯಾರದೋ ಬೆರಳು ತಾಗಿ ಗುರುತು ಅಳಿಸಿಹೋಗುತ್ತದೆ. ಗೂಗಲ್ ಫಾರ್ಮ್‌ನಲ್ಲಿ ಅಕ್ಷಾಂಶ, ರೇಖಾಂಶ, ಸಮಸ್ಯೆ ಕೇಳಿ. ಉತ್ತರಗಳು ಸೇರುವ ಶೀಟನ್ನು ಒಬ್ಬರೇ ಮೈ ಮ್ಯಾಪ್ಸ್‌ಗೆ ಇಂಪೋರ್ಟ್ ಮಾಡಲಿ. ಗೂಗಲ್ ಮ್ಯಾಪ್ಸ್‌ನಲ್ಲಿ ಜಾಗದ ಮೇಲೆ ಒತ್ತಿಹಿಡಿದರೆ ಎರಡೂ ಅಂಕೆ ಬರುತ್ತವೆ. ನಮ್ಮ ಕೊಡಗಿನಲ್ಲಿ ಮೊದಲನೆಯದು, ಅಂದರೆ ಅಕ್ಷಾಂಶ, 12 (ದಕ್ಷಿಣ ತುದಿಯ ಕುಟ್ಟದ ಕಡೆ 11), ಎರಡನೆಯದು 75 ಅಥವಾ 76ರಿಂದ ಶುರುವಾಗಬೇಕು. ಅದಲುಬದಲಾದರೆ ನಿಮ್ಮೂರ ಮೋರಿ ಉತ್ತರ ಧ್ರುವದ ಕಡೆಯ ಸಮುದ್ರದಲ್ಲಿ ತೇಲುತ್ತದೆ!

ಕಾಫಿ ತೋಟದ ಮರಗಳಡಿ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಜಾರುವುದುಂಟು. ಬಯಲಿಗೆ ಬಂದು, ನೀಲಿ ಚುಕ್ಕಿಯ ಸುತ್ತಲಿನ ವೃತ್ತ ಕಿರಿದಾಗುವವರೆಗೆ ನಿಲ್ಲಿ. ನೆಟ್‌ವರ್ಕ್ ಸಿಗದ ಕಡೆಗೆ ಆಫ್‌ಲೈನ್ ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಜಾಗದ ಸರ್ವೆ ನಂಬರನ್ನು ಕರ್ನಾಟಕ ಸರ್ಕಾರದ ದಿಶಾಂಕ್ ಆಪ್‌ನಲ್ಲಿ ನೋಡಿ ಸೇರಿಸಿ. ಗಡಿ ಜಗಳಕ್ಕೆ ಮಾತ್ರ ಅದನ್ನು ಎಳೆಯಬೇಡಿ.

ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇಲ್ಲದವರಿಗೆ ನಕ್ಷೆಯ ಎ3 ಪ್ರಿಂಟು, ಕೆಂಪು ಪೆನ್ನು ಕೊಡಿ. ಕುಡಿಯುವ ನೀರಿನ ನಿಜವಾದ ಪಟ್ಟಿ ಬರುವುದೇ ಅಲ್ಲಿಂದ.