ಯಾರಿಗೂ ಬೇಡವಾದ ಮೊಲ ನಿಮ್ಮ ಕೈಗೆ ಬಂದ್ರೆ ಏನು ಮಾಡ್ಬೇಕು?

"ಗುಡ್ಡೆಗೆ ಬಿಟ್ಟುಬಿಡಿ, ಹುಲ್ಲು ತಿಂದು ಹೇಗೂ ಬದುಕ್ತದೆ." ಸಾಕಿದ ಮೊಲ ಬೇಡ ಅಂತಾದಾಗ ನಮ್ಮ ಕಾಸರಗೋಡಿನ ಕಡೆ ಮೊದಲು ಬರುವ ಮಾತು ಇದು. ಬದುಕುವುದಿಲ್ಲ. ಪೇಟೆಯಲ್ಲಿ ಮಾರುವ ಬಿಳಿ, ಕಪ್ಪು-ಬಿಳಿ ಮೊಲ ಯುರೋಪಿನ ಜಾತಿಯದ್ದು, ನಮ್ಮ ಗುಡ್ಡೆಯ ಕಂದು ಮೊಲ ಬೇರೆಯೇ ಜಾತಿ, ಎರಡಕ್ಕೂ ಮರಿ ಕೂಡಾ ಆಗುವುದಿಲ್ಲ. ಗೂಡಲ್ಲೇ ಹುಟ್ಟಿ ಬೆಳೆದದ್ದಕ್ಕೆ ಅಡಗಲಿಕ್ಕೆ ಜಾಗ ಗೊತ್ತಿಲ್ಲ, ಬಿಳಿ ಬಣ್ಣ ಬೇರೆ, ನಾಯಿಗೋ ಕೀರಿಗೋ ಹೆಬ್ಬಾವಿಗೋ ಸಿಗ್ಲಿಕ್ಕೆ ಒಂದು ರಾತ್ರಿ ಸಾಕು. ಸಾಕಿದ ಪ್ರಾಣಿಯನ್ನು ಹಸಿವೆ ಬಾಯಾರಿಕೆಯಲ್ಲಿ ನರಳುವ ಹಾಗೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧವೂ ಹೌದು.

ನನಗೆ ಮೊದಲನೇ ಮೊಲ ಸಿಕ್ಕಿದ್ದು ಪೆರ್ಲ ರಸ್ತೆಯ ಬಸ್ ಸ್ಟಾಪಲ್ಲಿ, ಎಪ್ರಿಲ್ ತಿಂಗಳ ಉರಿಬಿಸಿಲಲ್ಲಿ, ಬಾಯಿ ಕಟ್ಟಿದ ರಟ್ಟಿನ ಪೆಟ್ಟಿಗೆಯ ಒಳಗೆ. ಜೊತೆಗೆ ಎರಡು ಬಿಸ್ಕೆಟ್ ಹಾಕಿದ್ರು. ಇಟ್ಟವರಿಗೂ ಪಾಪ ಅನ್ನಿಸಿರ್ಬೇಕು, ಆದ್ರೆ ಆ ಬಿಸ್ಕೆಟೇ ಅದಕ್ಕೆ ವಿಷದ ಹಾಗೆ ಅಂತ ಅವರಿಗೂ ಗೊತ್ತಿರಲಿಲ್ಲ, ಆಗ ನನಗೂ ಗೊತ್ತಿರಲಿಲ್ಲ.

ಮೊದಲು ಒಂದು ವಿಷಯ ಖಾತ್ರಿ ಮಾಡ್ಕೊಳ್ಳಿ. ಗುಡ್ಡೆಯಲ್ಲಿ, ತೋಟದ ಬದಿಯಲ್ಲಿ ಕಂದು ರೋಮದ, ಕಣ್ಣು ಬಿಟ್ಟ ಪುಟ್ಟ ಮರಿ ಒಂದೇ ಕೂತದ್ದು ಕಂಡ್ರೆ ಅದು ಕಾಡುಮೊಲದ ಮರಿ, ಎತ್ತಿಕೊಂಡು ಬರಬೇಡಿ. ಕಾಡುಮೊಲದ ಮರಿ ಹುಟ್ಟುವಾಗಲೇ ರೋಮ, ತೆರೆದ ಕಣ್ಣು ಇರ್ತದೆ, ತಾಯಿ ದೂರವೇ ಇದ್ದು ಹಾಲು ಕೊಡ್ಲಿಕ್ಕೆ ಮಾತ್ರ ಬರ್ತದೆ. ಅದನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆಯಲ್ಲಿ ನಿಷೇಧ. ಗಾಯ ಆಗಿದ್ರೆ ಅರಣ್ಯ ಇಲಾಖೆಗೆ ತಿಳಿಸಿ.

ಸಾಕುಮೊಲವೇ ಆದ್ರೆ ಹಿಡಿಯುವಾಗ ಕಿವಿ ಹಿಡಿದು ಎತ್ತಲೇಬೇಡಿ. ಒಂದು ಕೈ ಎದೆಯಡಿಗೆ, ಇನ್ನೊಂದು ಕೈ ಹಿಂಭಾಗದ ಅಡಿಗೆ ಕೊಟ್ಟು ಮೈಗೆ ಒತ್ತಿ ಹಿಡಿಯಿರಿ. ಹಿಂದಿನ ಕಾಲಲ್ಲಿ ಜೋರಾಗಿ ಒದೆಯುವಾಗ ಅದರದ್ದೇ ಬೆನ್ನೆಲುಬು ಮುರಿಯುವ ಸಾಧ್ಯತೆ ಉಂಟು, ಹೆದರಿದ ಮೊಲಕ್ಕೆ ಒಂದು ಟವೆಲ್ ಸುತ್ತಿದ್ರೆ ಒಳ್ಳೇದು. ಮನೆಗೆ ತಂದ ಕೂಡಲೇ ಸ್ನಾನ ಮಾಡಿಸಬೇಡಿ, ಎಷ್ಟು ಕೊಳಕಿದ್ರೂ ಸರಿ. ನಾಯಿ, ಬೆಕ್ಕು, ಮಕ್ಕಳ ಗಲಾಟೆ ಇಲ್ಲದ ಮೂಲೆಯಲ್ಲಿ ಬಿಡಿ, ಅಡಗಲಿಕ್ಕೆ ಎರಡು ಬಾಗಿಲು ಕೊರೆದ ರಟ್ಟಿನ ಪೆಟ್ಟಿಗೆ ಸಾಕು. ಮನೆಯಲ್ಲಿ ಬೇರೆ ಮೊಲ ಇದ್ರೆ ಎರಡು ವಾರ ಬೇರೆಯೇ ಇಡಿ. ತಂತಿಬಲೆಯ ನೆಲದ ಗೂಡು ಬೇಡ, ಮೊಲದ ಪಾದಕ್ಕೆ ನಾಯಿಯ ಹಾಗೆ ಮೆತ್ತೆ ಇಲ್ಲ, ತಂತಿ ಮೇಲೆ ಕೂತು ಕೂತು ಹಿಂಗಾಲಿಗೆ ಹುಣ್ಣಾಗ್ತದೆ. ಹಳೇ ಚಾಪೆ, ಅದರ ಮೇಲೆ ಬೈಹುಲ್ಲು ಹಾಕಿ.

ನಮ್ಮ ಕರಾವಳಿಯ ಸೆಕೆ ಮೊಲಕ್ಕೆ ದೊಡ್ಡ ಶತ್ರು. ಬೆವರಿ ಮೈ ತಣಿಸಿಕೊಳ್ಳಲಿಕ್ಕೆ ಅದಕ್ಕೆ ಆಗುವುದಿಲ್ಲ, ಶಾಖ ಹೊರಗೆ ಹೋಗುವುದು ಹೆಚ್ಚಾಗಿ ಕಿವಿಯ ಮೂಲಕ. 30 ಡಿಗ್ರಿ ದಾಟಿದ್ರೆ ಕಷ್ಟ, ಮಾರ್ಚಿಂದ ಮೇ ವರೆಗೆ ಇಲ್ಲಿ ದಿನಾಲೂ ದಾಟ್ತದೆ. ಶೀಟಿನ ಮಾಡಿನ ಅಡಿಯಲ್ಲಿ ಇಡಬೇಡಿ. ಹಳೇ ಮಂಗಳೂರು ಹಂಚು ಎರಡು ನೀರಲ್ಲಿ ನೆನೆಸಿ ಇಟ್ರೆ ಅದರ ಮೇಲೆ ಹೋಗಿ ಮಲಗ್ತದೆ, ಕಿವಿಗೆ ಒದ್ದೆ ಕೈ ಸವರಿ, ಫ್ರೀಜರಿನ ನೀರ ಬಾಟ್ಲಿ ಬಟ್ಟೆ ಸುತ್ತಿ ಬದಿಗಿಡಿ.

ಇನ್ನು ತಿನ್ನುವ ವಿಷಯ, ಹೆಚ್ಚಿನ ಮೊಲ ಸಾಯುವುದೇ ಇದರಿಂದ. ಮೊಲದ ಹಲ್ಲು ಜೀವನಪೂರ್ತಿ ಬೆಳೀತದೆ, ಕರುಳು ಯಾವಾಗಲೂ ಚಲಿಸ್ತಾ ಇರ್ಬೇಕು, ಎರಡಕ್ಕೂ ಬೇಕಾದ್ದು ನಾರು. ದಿನವಿಡೀ ಎದುರಲ್ಲಿ ಹುಲ್ಲು ಇರ್ಬೇಕು, ಗರಿಕೆ, ನೇಪಿಯರ್, ಇಲ್ಲದಿದ್ರೆ ಆನ್‌ಲೈನಲ್ಲಿ ಸಿಗುವ ತಿಮೋತಿ ಒಣಹುಲ್ಲು. ಬೈಹುಲ್ಲು ಹಾಸಲಿಕ್ಕೆ ಒಳ್ಳೇದು, ಅದೇ ಊಟ ಆಗಬಾರದು. ಕೊತ್ತಂಬರಿ, ಪುದೀನ, ದಾಸವಾಳದ ಎಲೆ ಸ್ವಲ್ಪ ಸ್ವಲ್ಪ ಕೊಡ್ಬಹುದು. ಕ್ಯಾರೆಟ್ ಸಿಹಿ ತಿಂಡಿ ಇದ್ದ ಹಾಗೆ, ಒಂದು ತುಂಡು ಸಾಕು. ಪೆಲೆಟ್, ಅಂದ್ರೆ ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಮೊಲದ ಆಹಾರ, ಮೊಲದ ಒಂದು ಕೆಜಿ ತೂಕಕ್ಕೆ ದಿನಕ್ಕೆ 25 ಗ್ರಾಂ ದಾಟಬಾರದು. ಅನ್ನ, ಬ್ರೆಡ್, ಬಿಸ್ಕೆಟ್, ನೀರುಳ್ಳಿ, ಬೆಣ್ಣೆಹಣ್ಣು, ಹಸಿ ಮರಗೆಣಸಿನ ಎಲೆ ಇವ್ಯಾವುದೂ ಬೇಡ. ಮತ್ತೆ ಒಂದು ನಮ್ಮೂರಿಗೇ ಸಂಬಂಧಪಟ್ಟದ್ದು: ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಬಿಟ್ಟ ಅಡಿಕೆ ತೋಟದ ಹುಲ್ಲು ಕೊಯ್ದು ಹಾಕಬೇಡಿ, ಮೈಲುತುತ್ತು ಪೂರಾ ಕೆಳಗಿನ ಹುಲ್ಲಿನ ಮೇಲೇ ಬಿದ್ದಿರ್ತದೆ.

ಮೊದಲು ಸಾಕಿದವರು ಯಾರು ಅಂತ ಗೊತ್ತಿದ್ರೆ ಏನು ತಿನ್ನಿಸ್ತಿದ್ರು ಅಂತ ಕೇಳಿ, ಅದನ್ನು ಒಮ್ಮೆಲೇ ನಿಲ್ಲಿಸಬೇಡಿ, ವಾರ ಹತ್ತು ದಿನದಲ್ಲಿ ನಿಧಾನಕ್ಕೆ ಬದಲಿಸಿ. ದಿನಾ ಹಿಕ್ಕೆ ನೋಡಿ. ದುಂಡಗೆ, ಒಣಗಿ, ಬೇಕಾದಷ್ಟು ಇದ್ರೆ ಹೊಟ್ಟೆ ಸರಿ ಉಂಟು. ಮೆತ್ತಗಿನ ಗೊಂಚಲಿನ ಹಾಗಿರುವುದನ್ನು ಅದೇ ತಿನ್ನುತ್ತದೆ, ಅದು ರೋಗ ಅಲ್ಲ, ಅದರ ಜೀರ್ಣಕ್ರಿಯೆಯೇ ಹಾಗೆ. ಆದ್ರೆ 12 ಗಂಟೆ ಏನೂ ತಿನ್ನದಿದ್ರೆ, ಹಿಕ್ಕೆ ಹಾಕದಿದ್ರೆ ನಾಳೆ ನೋಡುವ ಅಂತ ಕೂರಬೇಡಿ, ಕರುಳು ನಿಂತು ಹೋಗಿರ್ತದೆ, ಆ ಹೊತ್ತಿಗೇ ಡಾಕ್ಟರ್ ಹತ್ರ ಓಡಬೇಕು.

ಹೇಗೂ ಮೊದಲ ಎರಡು ಮೂರು ದಿನದಲ್ಲಿ ಪಂಚಾಯತಿನ ಮೃಗಾಸ್ಪತ್ರೆಗೆ ತಗೊಂಡು ಹೋಗಿ. ಹಲ್ಲು, ಕಿವಿ, ಪಾದ ನೋಡಿಸಿ. ಮೂಗಿನ ತುದಿ, ಕಿವಿಯ ಅಂಚಲ್ಲಿ ಬಿಳಿ ಹೊಪ್ಪಳೆ ಇದ್ರೆ ಅದು ಕಜ್ಜಿಹುಳ, ಮನುಷ್ಯರಿಗೂ ತಾಗ್ತದೆ, ಗ್ಲೌಸ್ ಹಾಕಿ ಮುಟ್ಟಿ, ಚಿಕಿತ್ಸೆ ಸುಲಭ. ಮಳೆಗಾಲದಲ್ಲಿ ಹಿಂಭಾಗ ಒದ್ದೆ ಇದ್ರೆ ನೊಣ ಮೊಟ್ಟೆ ಇಟ್ಟು ಹುಳ ಆಗ್ತದೆ, ದಿನಕ್ಕೆರಡು ಸಲ ನೋಡಿ. ನಾಯಿಯ ಉಣ್ಣಿಗೆ ಹಾಕುವ ಫಿಪ್ರೊನಿಲ್ ಮೊಲಕ್ಕೆ ವಿಷ. ಬಾಯಿಗೆ ಕೊಡುವ ಅಮೋಕ್ಸಿಸಿಲಿನ್ ಕೂಡಾ ಪ್ರಾಣಕ್ಕೆ ಕುತ್ತು, ಮನೆಯಲ್ಲಿ ಉಳಿದ ಸಿರಪ್ ಕುಡಿಸಬೇಡಿ.

ಗಂಡಾ ಹೆಣ್ಣಾ ಅಂತ ಡಾಕ್ಟರಲ್ಲೇ ಕೇಳಿ, ಅಂಗಡಿಯವರ ಮಾತು ನಂಬಬೇಡಿ. ಎರಡೂ ಹೆಣ್ಣು ಅಂತ ತಂದು ಆಮೇಲೆ ಮರಿ ಹಾಕಿ, ಆ ಮರಿಗಳೂ ನಾಲ್ಕು ತಿಂಗಳಲ್ಲಿ ಬೆಳೆದು, ಕೊನೆಗೆ ಎಲ್ಲವನ್ನೂ ಬಿಟ್ಟುಬಿಡುವುದು, ಬೇಡವಾದ ಮೊಲಗಳ ಕತೆ ಹೆಚ್ಚಾಗಿ ಶುರುವಾಗುವುದೇ ಹೀಗೆ. ಗರ್ಭ ಸುಮಾರು 31 ದಿನ, ಹೆತ್ತ ದಿನವೇ ಮತ್ತೆ ಗರ್ಭ ನಿಲ್ಲಬಹುದು. ಹಾಗಾಗಿ ಸಾಧ್ಯ ಇದ್ರೆ ಆಪರೇಷನ್ ಮಾಡಿಸಿಯೇ ಕೊಡಿ. ಹೆಣ್ಣು ಮೊಲಕ್ಕೆ ವಯಸ್ಸಾದಾಗ ಗರ್ಭಕೋಶದ ಕ್ಯಾನ್ಸರ್ ಬರುವುದು ತುಂಬಾ ಸಾಮಾನ್ಯ, ಅದೂ ತಪ್ತದೆ. ಮೊಲಕ್ಕೆ ಅನಸ್ತೇಷಿಯಾ ಕೊಟ್ಟು ಅಭ್ಯಾಸ ಇರುವ ಡಾಕ್ಟರನ್ನೇ ಹುಡುಕಿ, ಅದಕ್ಕೆ ಮಂಗಳೂರಿಗೆ ಹೋಗಬೇಕಾದೀತು. ಮೊಲ ವಾಂತಿ ಮಾಡುವುದಿಲ್ಲ, ಆದ್ದರಿಂದ ಆಪರೇಷನ್ನಿಗೆ ಮೊದಲು ಉಪವಾಸ ಹಾಕಬಾರದು. ಗಂಡಿಗೆ ಆಪರೇಷನ್ ಆದ ಮೇಲೂ ಆರು ವಾರ ಹೆಣ್ಣಿನ ಹತ್ರ ಬಿಡಬೇಡಿ.

ಇಷ್ಟಾದ ಮೇಲೆ ಮನೆ ಹುಡುಕುವುದು. ಇದರಲ್ಲಿ ಅವಸರ ಬೇಡ ಅಂತ ಕೈಮುಗಿದು ಹೇಳ್ತೇನೆ. ಕೇರಳದಲ್ಲಿ ಮಾಂಸಕ್ಕೆ ಮೊಲ ಸಾಕುವುದು ಇದ್ದದ್ದೇ, "ಫ್ರೀ" ಅಂತ ವಾಟ್ಸಾಪಲ್ಲಿ ಹಾಕಿದ್ರೆ ಹತ್ತು ನಿಮಿಷದಲ್ಲಿ ಫೋನ್ ಬರ್ತದೆ, ಸಾಕಲಿಕ್ಕಾ ಸಾರಿಗಾ ಅಂತ ಧ್ವನಿ ಕೇಳಿ ಗೊತ್ತಾಗುವುದಿಲ್ಲ. ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಹಾಕಿ, ಫೋಟೋ, ವಯಸ್ಸು, ಆಪರೇಷನ್ ಆಗಿದೆಯಾ, ಏನು ತಿನ್ತದೆ ಎಲ್ಲ ಬರೀರಿ, ಕಾಯಿಲೆ ಇದ್ರೆ ಮುಚ್ಚಿಡಬೇಡಿ. ಡಾಕ್ಟರ್ ಖರ್ಚಲ್ಲಿ ಒಂದು ಪಾಲು ಕೇಳಿ. ಬಂದವರ ಹತ್ರ ಎಲ್ಲಿ ಇಡ್ತೀರಿ, ನಾಯಿ ಉಂಟಾ, ಸೆಕೆಗೆ ಏನು ವ್ಯವಸ್ಥೆ, ಓಣಂ ರಜೆಗೆ ಊರಿಗೆ ಹೋದ್ರೆ ಯಾರು ನೋಡ್ತಾರೆ ಅಂತ ಕೇಳಿ. ಮಗು ಹಠ ಮಾಡ್ತದೆ ಅಂತ ಮಾತ್ರ ಬಂದವರಿಗೆ ಮೊಲ ಎಂಟರಿಂದ ಹನ್ನೆರಡು ವರ್ಷ ಬದುಕ್ತದೆ ಅಂತ ಹೇಳಿ, ಆ ಮಗು ಆಗ ಕಾಲೇಜಲ್ಲಿ ಇರ್ತದೆ. ಸಾಧ್ಯ ಆದ್ರೆ ಒಮ್ಮೆ ಅವರ ಮನೆಗೆ ಹೋಗಿ ನೋಡಿ ಬನ್ನಿ, ಆಗದಿದ್ರೆ ವೀಡಿಯೋ ಕಾಲ್. ಜೋಡಿ ಇದ್ದದ್ದನ್ನು ಬೇರೆ ಮಾಡಬೇಡಿ.

ಒಯ್ಯುವುದು ಬೆಳಗ್ಗಿನ ತಂಪಲ್ಲಿ, ಗಾಳಿಯಾಡುವ ಬುಟ್ಟಿಯಲ್ಲಿ. ಜೊತೆಗೆ ಒಂದು ವಾರಕ್ಕಾಗುವಷ್ಟು ಅದೇ ಹುಲ್ಲು, ಅದು ಮಲಗ್ತಿದ್ದ ತೊಳೆಯದ ಬಟ್ಟೆಯ ತುಂಡು, ಡಾಕ್ಟರ ಚೀಟಿ ಕೊಡಿ. ಸಾಕಲಿಕ್ಕೆ ಆಗದಿದ್ರೆ ಬೇರೆಯವರಿಗೆ ಕೊಡದೆ ನನಗೇ ವಾಪಸ್ ಕೊಡಿ ಅಂತ ಬರೆಸಿಕೊಳ್ಳಿ. ಆ ಬಸ್ ಸ್ಟಾಪಿನ ಮೊಲ ಈಗ ನೀರ್ಚಾಲಿನ ಒಬ್ಬರು ಟೀಚರ ಮನೆಯ ಚಾವಡಿಯಲ್ಲಿ ಉಂಟು. ಕೊಟ್ಟ ಮಾರನೇ ದಿನ ಫೋನ್ ಮಾಡಿ ನಾನು ಮೊದಲು ಕೇಳಿದ್ದು, "ಟೀಚರೇ, ಹಿಕ್ಕೆ ಹಾಕಿತಾ?"