ಅಲ್ಕಟ್ರಾಜ್ ಪ್ರಕರಣವನ್ನು ಓದುವ ಬಗೆ

ಮೊದಲು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ನಕ್ಷೆ ಬಿಡಿಸಿಕೊಳ್ಳಿ. ನಾನಂತೂ ನಕ್ಷೆಯಿಲ್ಲದೆ ಈ ಪ್ರಕರಣ ಓದುವುದೇ ಇಲ್ಲ. 1962ರ ಜೂನ್ 11ರ ರಾತ್ರಿ ಫ್ರಾಂಕ್ ಮಾರಿಸ್, ಜಾನ್ ಮತ್ತು ಕ್ಲಾರೆನ್ಸ್ ಆಂಗ್ಲಿನ್ ಎಂಬ ಮೂವರು ಕೈದಿಗಳು ಈ ಕೊಲ್ಲಿಯ ಅಲ್ಕಟ್ರಾಜ್ ದ್ವೀಪದ ಜೈಲಿನಿಂದ ತೆಪ್ಪದಲ್ಲಿ ಹೊರಬಿದ್ದರು.

ಸಿಕ್ಕಿದ್ದು ಒಂದು ಪುಟ, ಊಹೆ ಇನ್ನೊಂದು ಪುಟ ಎಂದು ಬರೆದಿಡಿ. ಹಾಸಿಗೆಯಲ್ಲಿ ಮಲಗಿಸಿದ್ದ, ನಿಜವಾದ ಕೂದಲಿನ ನಕಲಿ ತಲೆಗಳು; ಏಂಜೆಲ್ ದ್ವೀಪದ ಬಳಿ ತೇಲಿದ, ತೆಪ್ಪ ನಡೆಸುವ ಹುಟ್ಟು: ಇವು ಮೊದಲ ಪುಟಕ್ಕೆ. ಬ್ರೆಜಿಲ್‌ನಲ್ಲಿ ಕಂಡರಂತೆ ಎನ್ನುವುದು ಎರಡನೆಯದಕ್ಕೆ. ‘ಮುಳುಗಿಹೋದರು’ ಎಂಬುದನ್ನೂ ದಯವಿಟ್ಟು ಅಲ್ಲೇ ಬರೆಯಿರಿ. ಅವರದೆಂದು ಗುರುತಿಸಿದ ಶವ ಒಂದೂ ಇಲ್ಲ. ಎಫ್‌ಬಿಐ 1979ರಲ್ಲಿ ಕಡತ ಮುಚ್ಚಿತು, ಪರಾರಿಯಾದವರನ್ನು ಹಿಡಿಯುವ ಸಂಸ್ಥೆ ಯು.ಎಸ್. ಮಾರ್ಷಲ್ಸ್ ಹುಡುಕಾಟ ಬಿಡಲಿಲ್ಲ.

ಆಮೇಲೆ ಉಬ್ಬರವಿಳಿತ ನೋಡಿ. ತೆಪ್ಪ ಹೊರಟ ಗಂಟೆ ಬದಲಾದರೆ ಸೇರುವ ದಡವೂ ಬದಲಾಗುತ್ತದೆ.